ಆಪರೇಷನ್ ಆದಮೇಲೂ ಎಂಡೊಮೆಟ್ರಿಯೋಸಿಸ್ ನೋವು ಮರಳಿ ಬಂತಾ? ಒಂದೊಂದೇ ಹೆಜ್ಜೆ ಇಟ್ಟು ನೋಡೋಣ

ಆಪರೇಷನ್ ಆಗಿ ಎಂಟನೇ ತಿಂಗಳು. ಬೆಳಗಿನ ಜಾವ ನಾಲ್ಕೂವರೆಗೆ ಎಚ್ಚರವಾಯಿತು. ಬಲಗಡೆ ಕಿಬ್ಬೊಟ್ಟೆಯಲ್ಲಿ ಅದೇ ಹಳೇ ಹಿಡಿತ. ಒದ್ದೆ ಬಟ್ಟೆಯನ್ನು ಯಾರೋ ಒಳಗೇ ಹಿಂಡುತ್ತಿರುವ ಹಾಗೆ. ಮಂಚದ ಅಂಚಿಗೆ ಕೂತು ಮೊಣಕಾಲನ್ನು ಎದೆಗೆ ಒತ್ತಿಕೊಂಡೆ. ನೋವಿಗಿಂತ ಭಯವೇ ಜಾಸ್ತಿ ಇತ್ತು. ಅಷ್ಟೆಲ್ಲಾ ಮಾಡಿಸಿಕೊಂಡಿದ್ದು ಸುಮ್ನೆ ಹೋಯ್ತಾ? ಕಾಯಿಲೆ ಮತ್ತೆ ಬಂತಾ?

ಆ ಭಯದಲ್ಲೇ ಎರಡನೇ ಆಪರೇಷನ್‌ಗೆ ಒಪ್ಪಿಬಿಡುವ ಹಂತಕ್ಕೆ ಹೋಗಿದ್ದೆ. ಸಹಿ ಹಾಕುವ ಮೊದಲು ಇನ್ನೊಬ್ಬ ಡಾಕ್ಟರಿಗೆ ತೋರಿಸಿದ್ದು ಒಳ್ಳೆಯದಾಯಿತು. ನನ್ನ ನೋವಿನ ಬಹುಪಾಲು ಬರುತ್ತಿದ್ದದ್ದು ಸೊಂಟದ ತಳದಲ್ಲಿ ಬಿಗಿದುಕೊಂಡಿದ್ದ ಸ್ನಾಯುಗಳಿಂದ. ಇನ್ನೊಂದು ಆಪರೇಷನ್ ಆಗಿದ್ದರೂ ಅದು ಹಾಗೇ ಉಳಿಯುತ್ತಿತ್ತು.

ನೋವು ಮರಳಿ ಬಂದ ಮಾತ್ರಕ್ಕೆ ಕಾಯಿಲೆಯೇ ಮರಳಿ ಬಂತು ಅಂತ ಹೇಳಲು ಬರುವುದಿಲ್ಲ. ಬಂದಿರಲೂಬಹುದು. ಆದರೆ ಇದು ಯಾವ ನೋವು ಅಂತ ಗೊತ್ತಾಗದೆ ದೊಡ್ಡ ಚಿಕಿತ್ಸೆಗೆ ಅವಸರ ಮಾಡಬೇಡಿ. ಕೆಳಗಿನ ಹೆಜ್ಜೆಗಳೆಲ್ಲ ಇರುವುದು ಅದನ್ನು ಪತ್ತೆ ಮಾಡುವುದಕ್ಕೇ. ಇವು ಡಾಕ್ಟರ ಬದಲಿಗೆ ಅಲ್ಲ, ಡಾಕ್ಟರ ಮುಂದೆ ತಯಾರಾಗಿ ಹೋಗಿ ಕೂರುವುದಕ್ಕೆ.

ಮೊದಲು ಕಾಯಿಲೆಯ ಬಗ್ಗೆ ಎರಡು ಮಾತು. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವುದೇ ಎಂಡೊಮೆಟ್ರಿಯೋಸಿಸ್. ಅಂಡಾಶಯದ ಮೇಲೆ, ಹೊಟ್ಟೆಯ ಒಳಗೋಡೆಯ ಮೇಲೆ, ಕರುಳು, ಮೂತ್ರಕೋಶದ ಮೇಲೂ ಇರಬಹುದು. ಮಕ್ಕಳಾಗುವ ವಯಸ್ಸಿನ ಹತ್ತರಲ್ಲಿ ಸುಮಾರು ಒಬ್ಬರಿಗೆ ಇದು ಇರುತ್ತದೆ. ಹೀಗೆ ಬೆಳೆದ ಜಾಗಗಳನ್ನೇ ಇಲ್ಲಿ ಗಾಯ ಅನ್ನುತ್ತೇನೆ. ಆಪರೇಷನ್ನಿನಲ್ಲಿ ಕಣ್ಣಿಗೆ ಕಂಡ ಗಾಯಗಳನ್ನು ತೆಗೆಯುತ್ತಾರೆ. ಆದರೆ ಅವು ಬೆಳೆಯುವ ಗುಣ ಮೈಯಲ್ಲೇ ಉಳಿಯುತ್ತದೆ. ಆಪರೇಷನ್ ಆದ 2 ವರ್ಷದಲ್ಲಿ ಸುಮಾರು ಶೇ. 20 ಜನರಿಗೆ, 5 ವರ್ಷದಲ್ಲಿ ಶೇ. 40ರಿಂದ 50 ಜನರಿಗೆ ಮರಳಿ ಬರಬಹುದು ಅನ್ನುವುದು ವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ. ಹಾಗಾಗಿ ನೋವು ಮರಳಿದರೆ ನೀವೇನೋ ತಪ್ಪು ಮಾಡಿದಿರಿ ಅಂದುಕೊಳ್ಳಬೇಡಿ. ಭಾರ ಎತ್ತಿದ್ದಕ್ಕೆ, ತಲೆಗೆ ಚಿಂತೆ ಹಚ್ಚಿಕೊಂಡಿದ್ದಕ್ಕೆ ಈ ಗಾಯಗಳು ಮತ್ತೆ ಬೆಳೆಯುವುದಿಲ್ಲ.

ಇವು ಇದ್ದರೆ ಓದುವುದನ್ನು ನಿಲ್ಲಿಸಿ, ಆಸ್ಪತ್ರೆಗೆ ಹೋಗಿ

ಕೆಲವು ನೋವುಗಳಿಗೆ ಡೈರಿ ಬರೆಯುತ್ತಾ ಕೂರಬಾರದು. ಅವತ್ತೇ ತೋರಿಸಬೇಕಾದವು ಇವು:

- ಒಂದೇ ಕಡೆ ಇದ್ದಕ್ಕಿದ್ದಂತೆ ತಡೆಯಲಾಗದ ನೋವು, ಜೊತೆಗೆ ವಾಂತಿ. ಅಂಡಾಶಯ ತಿರುಚಿಕೊಂಡಿರಬಹುದು ಅಥವಾ ಸಿಸ್ಟ್ (ದ್ರವ ತುಂಬಿದ ಚೀಲ) ಒಡೆದಿರಬಹುದು.
- ಮುಟ್ಟು ತಪ್ಪಿ, ಹೊಟ್ಟೆನೋವು ಅಥವಾ ತಲೆಸುತ್ತು. ಎಂಡೊಮೆಟ್ರಿಯೋಸಿಸ್ ಇದ್ದವರಲ್ಲಿ ಗರ್ಭ ಕೊಳವೆಯಲ್ಲಿ ನಿಲ್ಲುವ ಸಾಧ್ಯತೆ ಸ್ವಲ್ಪ ಜಾಸ್ತಿ.
- ಆಪರೇಷನ್ ಆದ ಹೊಸದರಲ್ಲಿ ಜ್ವರ, ಹೊಲಿಗೆ ಹಾಕಿದ ಜಾಗದಿಂದ ಕೀವು, ದಿನದಿನಕ್ಕೆ ಏರುವ ನೋವು.
- ಒಂದು ಕಾಲಿನ ಮೀನಖಂಡ ಊದಿ ನೋಯುವುದು, ಉಸಿರು ಕಟ್ಟುವುದು, ಎದೆನೋವು.
- ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿರುವುದು. ಮೂತ್ರ ಕಟ್ಟಿಕೊಳ್ಳುವುದು.
- ಗಂಟೆಗೊಂದು ಪ್ಯಾಡ್ ತುಂಬುವಷ್ಟು ರಕ್ತಸ್ರಾವ.

ಇವು ಯಾವುದೂ ಇಲ್ಲವಾ? ಸರಿ, ಈಗ ನಿಧಾನವಾಗಿ ಮುಂದೆ ಹೋಗೋಣ.

ಹೆಜ್ಜೆ 1: ನೋವು ಹೋಗಿ ಬಂತಾ, ಹೋಗಲೇ ಇಲ್ವಾ?

ತುಂಬಾ ಸರಳ ಪ್ರಶ್ನೆ. ಆದರೆ ಅರ್ಧ ದಾರಿ ಇದೇ ತೋರಿಸುತ್ತದೆ.

ಲ್ಯಾಪರೋಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್, ಆದ ಮೊದಲ ಕೆಲವು ದಿನ ಭುಜದ ತುದಿಯಲ್ಲಿ ನೋವು ಬರುತ್ತದೆ. ಹೊಟ್ಟೆಗೆ ತುಂಬಿದ್ದ ಗ್ಯಾಸ್ ಅದಕ್ಕೆ ಕಾರಣ, ತಾನಾಗಿ ಹೋಗುತ್ತದೆ. ಹೊರಗೆ ಹೊಲಿಗೆ ಹಾಕಿದ ಜಾಗ ಬೇಗ ಕೂಡಿಕೊಂಡರೂ ಒಳಗೆ ಮಾಯಲು ಕೆಲವು ವಾರಗಳೇ ಬೇಕು. ಮೊದಲ ಒಂದೆರಡು ಮುಟ್ಟು ಹಿಂದಿಗಿಂತ ಜಾಸ್ತಿ ನೋಯಬಹುದು. ಇದನ್ನು ಮೊದಲೇ ಹೇಳದಿದ್ದರೆ ಎಷ್ಟು ಹೆದರಿಕೆ ಆಗುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು. ಹಾಗಾಗಿ ಆಪರೇಷನ್ನಿನಿಂದ ಎಷ್ಟು ಉಪಯೋಗ ಆಯಿತು ಅಂತ ಅಳೆಯಲು ಮೂರರಿಂದ ಆರು ತಿಂಗಳು ಬಿಟ್ಟು ನೋಡಬೇಕು.

ಆರು ತಿಂಗಳಾದರೂ ನೋವು ಒಂದಿಷ್ಟೂ ಇಳಿಯಲೇ ಇಲ್ಲ ಅಂದರೆ ಎರಡು ಸಾಧ್ಯತೆ. ಒಂದೋ ಗಾಯ ಒಳಗೆ ಉಳಿದಿದೆ. ಇಲ್ಲವೇ ಮೊದಲಿನಿಂದಲೂ ನೋವಿಗೆ ಇನ್ನೊಂದು ಕಾರಣ ಇತ್ತು. ಚೆನ್ನಾಗಿ ಕಡಿಮೆಯಾಗಿ, ಒಂದೆರಡು ವರ್ಷ ಬಿಟ್ಟು ಅದೇ ಜಾಗದಲ್ಲಿ ಅದೇ ತರಹ ಬಂದರೆ ಕಾಯಿಲೆ ಮರಳಿರುವ ಅನುಮಾನ ಜಾಸ್ತಿ. ಹಿಂದೆ ಎಂದೂ ಇಲ್ಲದ ಹೊಸ ಬಗೆಯ ನೋವು, ಅಂದರೆ ಉರಿ, ಜೋಮು, ಒಂದೇ ಚುಕ್ಕೆಯಲ್ಲಿ ಚುಚ್ಚುವುದು, ಹೀಗಿದ್ದರೆ ನರ ಅಥವಾ ಸ್ನಾಯುವಿನ ಕಡೆ ನೋಡಬೇಕು.

ಹೆಜ್ಜೆ 2: ಆಪರೇಷನ್ ಕಾಗದಗಳನ್ನು ಕೇಳಿ ತೆಗೆದುಕೊಳ್ಳಿ

ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿ ಇರುವುದು ಡಿಸ್ಚಾರ್ಜ್ ಸಮ್ಮರಿ ಮಾತ್ರ. ಅದರಲ್ಲಿ ಎರಡು ಸಾಲು ಇರುತ್ತದೆ, ಅಷ್ಟೇ. ಬೇಕಾದದ್ದು ಆಪರೇಷನ್ ನೋಟ್. ಅದು ಬೇರೆಯದೇ ಕಾಗದ. ಜೊತೆಗೆ ಬಯಾಪ್ಸಿ ರಿಪೋರ್ಟ್ ಮತ್ತು ಲ್ಯಾಪರೋಸ್ಕೋಪಿಯ ಫೋಟೊ ಅಥವಾ ವಿಡಿಯೊ ಇದ್ದರೆ ಅದರ ಪ್ರತಿ. ಕೇಳಲು ಸಂಕೋಚ ಬೇಡ. ಅದು ನಿಮ್ಮ ಹೊಟ್ಟೆಯೊಳಗಿನ ಚಿತ್ರ.

ನೋಟ್ ಕೈಗೆ ಬಂದಮೇಲೆ ಹೀಗೆ ಓದಿ. ಗಾಯಗಳು ಎಲ್ಲೆಲ್ಲಿ ಇದ್ದವು ಅಂತ ಬರೆದಿದೆಯಾ? ಅವನ್ನು ಕತ್ತರಿಸಿ ತೆಗೆದರಾ, ಮೇಲಿಂದ ಸುಟ್ಟರಾ? ಕತ್ತರಿಸಿ ತೆಗೆಯುವುದಕ್ಕೆ ಎಕ್ಸಿಷನ್ ಅಂತಲೂ, ಸುಡುವುದಕ್ಕೆ ಅಬ್ಲೇಷನ್ ಅಥವಾ ಕಾಟರಿ ಅಂತಲೂ ಬರೆದಿರುತ್ತಾರೆ. ಆಳಕ್ಕೆ ಇಳಿದ ಗಾಯವನ್ನು ಮೇಲಿಂದ ಸುಟ್ಟರೆ ಬೇರು ಉಳಿಯುತ್ತದೆ. ಚಾಕಲೇಟ್ ಸಿಸ್ಟ್, ಅಂದರೆ ಅಂಡಾಶಯದಲ್ಲಿ ಹಳೇ ರಕ್ತ ತುಂಬಿದ ಚೀಲ, ಇದ್ದಿದ್ದರೆ ಅದರ ಗೋಡೆಯನ್ನು ಸುಲಿದು ತೆಗೆದರಾ, ಬರೀ ನೀರು ತೆಗೆದು ಬಿಟ್ಟರಾ? ಬರೀ ಖಾಲಿ ಮಾಡಿದ ಸಿಸ್ಟ್ ಬೇಗ ಮತ್ತೆ ತುಂಬಿಕೊಳ್ಳುತ್ತದೆ. ಕರುಳಿನ ಮೇಲೋ ಮೂತ್ರನಾಳದ ಹತ್ತಿರವೋ ಏನಾದರೂ ಮುಟ್ಟದೆ ಬಿಟ್ಟಿದ್ದಾರಾ? ಅಪಾಯ ಬೇಡ ಅಂತ ಬಿಡುವುದು ಎಷ್ಟೋ ಸಲ ಸರಿಯಾದ ನಿರ್ಧಾರವೇ. ಆದರೆ ಬಿಟ್ಟಿದ್ದು ನಿಮಗೆ ಗೊತ್ತಿರಬೇಕು. ಗರ್ಭಕೋಶ ಹೇಗಿತ್ತು, ಊದಿಕೊಂಡಿತ್ತಾ ಅನ್ನುವ ಸಾಲನ್ನೂ ಹುಡುಕಿ.

ಸ್ಟೇಜ್ 1, ಸ್ಟೇಜ್ 4 ಅಂತ ಬರೆದಿರುವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸ್ಟೇಜಿಗೂ ನೋವಿಗೂ ತಾಳೆಯಾಗುವುದಿಲ್ಲ. ಸ್ಟೇಜ್ 1 ಇದ್ದವರು ನೋವಿಗೆ ನೆಲಕ್ಕೆ ಕುಸಿಯಬಹುದು, ಸ್ಟೇಜ್ 4 ಇದ್ದವರಿಗೆ ಏನೂ ಗೊತ್ತಾಗದೆ ಇರಬಹುದು. "ಸ್ಟೇಜ್ ಒಂದೇ ಅಲ್ವಾ, ಇಷ್ಟು ನೋವು ಹೇಗೆ ಬರುತ್ತೆ?" ಅಂತ ಯಾರಾದರೂ ಕೇಳಿದರೆ ಆ ಪ್ರಶ್ನೆಯೇ ತಪ್ಪು.

ಹೆಜ್ಜೆ 3: ಎರಡು ಮೂರು ತಿಂಗಳು ನೋವಿನ ಡೈರಿ

ದೊಡ್ಡ ಪುಸ್ತಕ ಬೇಡ. ಫೋನಿನಲ್ಲಿ ದಿನಕ್ಕೆ ಎರಡು ಸಾಲು ಸಾಕು. ಮುಟ್ಟು ಶುರುವಾಗಿ ಎಷ್ಟನೇ ದಿನ, ಎಲ್ಲಿ ನೋವು, ಎಂಥ ನೋವು, 0ಯಿಂದ 10ರಲ್ಲಿ ಎಷ್ಟು, ಏನು ಮಾಡುವಾಗ ಬಂತು, ಯಾವ ಮಾತ್ರೆ ಎಷ್ಟು ಹೊತ್ತಿಗೆ ತೆಗೆದುಕೊಂಡಿರಿ, ಅದರಿಂದ ಎಷ್ಟು ಇಳಿಯಿತು. ಮುಟ್ಟು ನಿಂತಿದ್ದರೆ ಬರೀ ತಾರೀಕು ಬರೆಯಿರಿ. ನನ್ನ ಡೈರಿಯ ಎರಡು ನಮೂನೆ ನೋಡಿ:

"2ನೇ ದಿನ. ಕೆಳಹೊಟ್ಟೆಯ ಮಧ್ಯೆ ಹಿಂಡುವ ನೋವು, 7. ಬೆಳಿಗ್ಗೆ 8ಕ್ಕೆ ಮಾತ್ರೆ, 10ರ ಹೊತ್ತಿಗೆ 4. ಮಧ್ಯಾಹ್ನ ಕೆಲಸ ಮಾಡಲು ಆಯಿತು."

"17ನೇ ದಿನ. ಎರಡು ಗಂಟೆ ಕುರ್ಚಿಯಲ್ಲಿ ಕೂತಮೇಲೆ ಬಲಗಡೆ ಬಾಲಮೂಳೆ ಹತ್ತಿರ, ತೊಡೆಸಂದಿಗೆ ಎಳೆಯುತ್ತೆ, 6. ಮಾತ್ರೆಯಿಂದ ಏನೂ ಆಗಲಿಲ್ಲ. ಮಲಗಿದ ಮೇಲೆ ಕಡಿಮೆ. ಮೂತ್ರ ಶುರುವಾಗಲು ಸ್ವಲ್ಪ ಹೊತ್ತು ಕಾಯಬೇಕಾಯ್ತು."

ಎರಡನೆಯದನ್ನು ಓದಿದ ಡಾಕ್ಟರು ಅಲ್ಲೇ ನಿಂತರು. ಮುಟ್ಟಿಗೂ ಈ ನೋವಿಗೂ ಸಂಬಂಧವೇ ಇಲ್ಲ, ಕೂತರೆ ಬರುತ್ತೆ, ಮಲಗಿದರೆ ಹೋಗುತ್ತೆ ಅಂದರು. ಬಾಯಲ್ಲಿ ನಾನು ಆರು ತಿಂಗಳಿಂದ "ತುಂಬಾ ನೋವು ಡಾಕ್ಟ್ರೇ" ಅಂತಷ್ಟೇ ಹೇಳುತ್ತಿದ್ದೆ.

ಮಲವಿಸರ್ಜನೆಯಾಗುವಾಗ, ಮೂತ್ರ ಮಾಡುವಾಗ, ಸಂಭೋಗದ ಹೊತ್ತಿಗೆ ಬರುವ ನೋವನ್ನೂ ಬರೆಯಿರಿ. ಹೇಳಲು ನಾಚಿಕೆ ಆದರೆ ಬರೆದದ್ದನ್ನು ತೋರಿಸಿದರೆ ಸಾಕು. ಸಂಭೋಗದ ನೋವಿನಲ್ಲಿ ಯೋನಿಯ ಬಾಗಿಲಲ್ಲೇ ನೋಯುತ್ತದಾ, ಆಳದಲ್ಲಿ ನೋಯುತ್ತದಾ ಅನ್ನುವುದು ಮುಖ್ಯ. ಆಳದ ನೋವು ಗಾಯದ ಕಡೆ, ಬಾಗಿಲ ನೋವು ಸ್ನಾಯುವಿನ ಕಡೆ ಬೆರಳು ತೋರಿಸುತ್ತದೆ. ಎರಡೂ ಇರುವುದೂ ಉಂಟು.

ಹೆಜ್ಜೆ 4: ಯಾವ ನೋವು ಅಂತ ವಿಂಗಡಿಸಿ

ಡೈರಿ ಮುಂದಿಟ್ಟುಕೊಂಡು ಇದನ್ನು ಓದಿ. ಒಬ್ಬರಲ್ಲೇ ಎರಡು ಮೂರು ಕಾರಣ ಸೇರಿರುವುದು ತುಂಬಾ ಸಾಮಾನ್ಯ.

ಮುಟ್ಟಿನ ಹಿಂದೆ ಮುಂದೆ ಏರುವ, ಆಪರೇಷನ್ನಿಗೆ ಮೊದಲಿದ್ದಂಥದ್ದೇ ನೋವು ಎಂಡೊಮೆಟ್ರಿಯೋಸಿಸ್‌ನದ್ದೇ ಇರಬಹುದು. ಮುಟ್ಟಿನ ದಿನಗಳಲ್ಲಿ ಮಲದಲ್ಲಿ ಅಥವಾ ಮೂತ್ರದಲ್ಲಿ ರಕ್ತ, ಆ ದಿನಗಳಲ್ಲೇ ಮಲವಿಸರ್ಜನೆಗೆ ಕೂತಾಗ ಚೂರಿ ಹಾಕಿದ ಹಾಗೆ ನೋವು ಇದ್ದರೆ ಕರುಳು, ಮೂತ್ರಕೋಶದ ಮೇಲೆ ಆಳದ ಗಾಯ ಇದೆಯಾ ಅಂತ ನೋಡಲೇಬೇಕು.

ಅಡಿನೋಮಯೋಸಿಸ್ ಅನ್ನುವುದು ಇದರ ಅಕ್ಕತಂಗಿಯಂಥ ಕಾಯಿಲೆ. ಇಲ್ಲಿ ಆ ಅಂಗಾಂಶ ಗರ್ಭಕೋಶದ ಗೋಡೆಯ ಸ್ನಾಯುವಿನೊಳಗೇ ಸೇರಿಕೊಂಡಿರುತ್ತದೆ. ಜಾಸ್ತಿ ರಕ್ತಸ್ರಾವ, ಗಡ್ಡೆಗಡ್ಡೆಯಾಗಿ ರಕ್ತ, ಕೆಳಹೊಟ್ಟೆಯಲ್ಲಿ ಭಾರ. ಗರ್ಭಕೋಶದ ಹೊರಗಿನ ಗಾಯವನ್ನು ಎಷ್ಟೇ ಚೊಕ್ಕಟವಾಗಿ ತೆಗೆದಿದ್ದರೂ ಇದು ಅಲ್ಲೇ ಇರುತ್ತದೆ. ಆಪರೇಷನ್ ಚೆನ್ನಾಗೇ ಆಗಿದೆ, ಆದರೂ ಮುಟ್ಟಿನ ನೋವು ಹೋಗಿಲ್ಲ ಅನ್ನುವವರು ಇದರ ಬಗ್ಗೆ ಬಾಯಿಬಿಟ್ಟು ಕೇಳಬೇಕು.

ಇನ್ನು ಸೊಂಟದ ತಳದ ಸ್ನಾಯುಗಳು. ಇವಕ್ಕೆ ಪೆಲ್ವಿಕ್ ಫ್ಲೋರ್ ಅಂತಾರೆ. ಗರ್ಭಕೋಶ, ಮೂತ್ರಕೋಶ, ಮಲಾಶಯ ಇವನ್ನೆಲ್ಲ ಕೆಳಗಿಂದ ಜೋಲಿಯ ಹಾಗೆ ಹಿಡಿದಿರುವ ಸ್ನಾಯುಗಳು. ವರ್ಷಗಟ್ಟಲೆ ನೋವು ಬಂದಾಗಲೆಲ್ಲ ನಾವು ಮೈ ಬಿಗಿ ಹಿಡಿಯುತ್ತೇವೆ ಅಲ್ವಾ, ಆಗ ಇವೂ ಬಿಗಿಯುತ್ತವೆ. ಕೊನೆಗೆ ಸಡಿಲ ಬಿಡುವುದನ್ನೇ ಮರೆಯುತ್ತವೆ. ಗಾಯ ತೆಗೆದರೂ ಬಿಗಿ ಉಳಿಯುತ್ತದೆ. ಕೂತರೆ ನೋವು, ಒಳಪರೀಕ್ಷೆಗೆ ಕೈ ಹಾಕಿದ ಕೂಡಲೇ ಉರಿ, ಮೂತ್ರ ಶುರುವಾಗಲು ತಡ, ಮಲ ಪೂರ್ತಿ ಹೋಗಲಿಲ್ಲ ಅನ್ನಿಸುವುದು, ತೊಡೆ ಮತ್ತು ಸೊಂಟಕ್ಕೆ ಎಳೆತ, ಇವೆಲ್ಲ ಇದರ ಗುರುತು. ಸ್ಕ್ಯಾನಿಂಗ್ ನಾರ್ಮಲ್ ಬರುತ್ತದೆ. ಹಾಗಾಗಿ ಹುಡುಕದಿದ್ದರೆ ಸಿಗುವುದಿಲ್ಲ.

ನರಗಳು ಸೂಕ್ಷ್ಮವಾಗುವುದು ಇನ್ನೊಂದು. ಒಂದು ಸಲ ಸುಟ್ಟ ಬೆರಳು ಉಗುರುಬೆಚ್ಚಗಿನ ನೀರಿಗೂ ಹಿಂದೆ ಸರಿಯುತ್ತದೆ. ಹಾಗೆಯೇ ವರ್ಷಾನುಗಟ್ಟಲೆ ನೋವು ಕಂಡ ನರಮಂಡಲ ಸಣ್ಣದಕ್ಕೂ ಜೋರಾಗಿ ಕೂಗುತ್ತದೆ. ಉಡುಪಿನ ಎಲಾಸ್ಟಿಕ್ ತಾಗಿದರೂ ಹೊಟ್ಟೆ ನೋಯುವುದು, ನೋವು ಒಂದು ಜಾಗ ಬಿಟ್ಟು ಹರಡುವುದು, ನಿದ್ದೆ ಕೆಟ್ಟ ಮರುದಿನ ಎಲ್ಲವೂ ಜಾಸ್ತಿ ಆಗುವುದು. ಇದನ್ನು "ಮನಸ್ಸಿನ ನೋವು" ಅಂತ ತಳ್ಳಿಹಾಕುವವರ ಮಾತು ಕೇಳಬೇಡಿ. ಇದು ಮೈಯಲ್ಲೇ ಆಗುವ ಬದಲಾವಣೆ, ಇದಕ್ಕೂ ಔಷಧಿ ಇದೆ.

ಮೂತ್ರಕೋಶ ತುಂಬಿದಾಗ ನೋವು, ಖಾಲಿ ಮಾಡಿದರೆ ಹಾಯ್ ಅನ್ನಿಸುವುದು, ಪದೇಪದೇ ಹೋಗಬೇಕು ಅನ್ನಿಸುವುದು, ಆದರೆ ಮೂತ್ರ ಪರೀಕ್ಷೆಯಲ್ಲಿ ಸೋಂಕು ಇಲ್ಲ ಅಂದರೆ ಮೂತ್ರಕೋಶದ್ದೇ ನೋವಿರಬಹುದು. ಹೊಟ್ಟೆ ಉಬ್ಬರ, ಮಲಬದ್ಧತೆ ಒಮ್ಮೆ, ಭೇದಿ ಒಮ್ಮೆ ಅಂತಿದ್ದರೆ ಐಬಿಎಸ್ ಅನ್ನುವ ಕರುಳಿನ ತೊಂದರೆ ಇರಬಹುದು. ಇವೆರಡೂ ಎಂಡೊಮೆಟ್ರಿಯೋಸಿಸ್ ಜೊತೆ ಆಗಾಗ ಕಾಣುತ್ತವೆ.

ಬೆರಳಿಟ್ಟು "ಇಲ್ಲೇ" ಅಂತ ತೋರಿಸುವಂಥ ನೋವು ಹೊಟ್ಟೆಯ ಗೋಡೆಯ ನರದ್ದಿರಬಹುದು, ಅದೂ ಆಪರೇಷನ್ ಕಲೆಯ ಹತ್ತಿರ ಇದ್ದರೆ. ಇದಕ್ಕೊಂದು ಸುಲಭ ಪರೀಕ್ಷೆ ಇದೆ. ನೀವು ಅಂಗಾತ ಮಲಗುತ್ತೀರಿ, ಡಾಕ್ಟರು ಆ ಚುಕ್ಕೆಯನ್ನು ಒತ್ತಿ ಹಿಡಿದು ತಲೆ ಎತ್ತಲು ಹೇಳುತ್ತಾರೆ. ಹೊಟ್ಟೆ ಬಿಗಿದಾಗ ನೋವು ಜಾಸ್ತಿ ಆದರೆ ನೋವು ಗೋಡೆಯಲ್ಲಿದೆ, ಒಳಗಿನ ಅಂಗದಲ್ಲಿಲ್ಲ ಅಂತ ಅಂದಾಜು. ಅಲ್ಲೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೆ ಕಾರಣವೂ ಖಚಿತ, ನೋವೂ ಇಳಿಯುತ್ತದೆ. ಕಲೆಯ ಹತ್ತಿರ ಗಂಟು ಇದ್ದು ಮುಟ್ಟಿನಲ್ಲಿ ಊದಿಕೊಂಡರೆ ಅದು ಬೇರೆ. ಕಲೆಯಲ್ಲೇ ಎಂಡೊಮೆಟ್ರಿಯೋಸಿಸ್ ಬೆಳೆದಿರಬಹುದು.

ಒಳಗೆ ಅಂಗಗಳು ಒಂದಕ್ಕೊಂದು ಅಂಟಿಕೊಂಡು ಎಳೆಯುವುದೂ ಉಂಟು. ಆದರೆ ಅಂಟು ಬಿಡಿಸಲೆಂದೇ ಮತ್ತೆ ಆಪರೇಷನ್ ಮಾಡಿದರೆ ಹೊಸ ಅಂಟು ಹುಟ್ಟುತ್ತದೆ ಅನ್ನುವುದು ನೆನಪಿರಲಿ.

ಹೆಜ್ಜೆ 5: ಡಾಕ್ಟರ ಹತ್ತಿರ ಏನು ಕೇಳಬೇಕು

ಸಾಧ್ಯವಾದರೆ ಎಂಡೊಮೆಟ್ರಿಯೋಸಿಸ್ ಹೆಚ್ಚಾಗಿ ನೋಡುವ ಸ್ತ್ರೀರೋಗ ತಜ್ಞರ ಬಳಿ ಹೋಗಿ. ಸ್ಕ್ಯಾನ್ ಮಾಡುವವರ ಅನುಭವ ಕೂಡ ಅಷ್ಟೇ ಮುಖ್ಯ. ಯೋನಿಯ ಮೂಲಕ ಮಾಡುವ ಅಲ್ಟ್ರಾಸೌಂಡ್‌ನಲ್ಲಿ ಚಾಕಲೇಟ್ ಸಿಸ್ಟ್ ಮತ್ತು ಅಡಿನೋಮಯೋಸಿಸ್ ಚೆನ್ನಾಗಿ ಕಾಣುತ್ತವೆ. ಪಳಗಿದ ಕೈಯಾದರೆ ಆಳದ ಗಾಯವೂ ಸಿಗುತ್ತದೆ. ಆ ರೀತಿಯ ಸ್ಕ್ಯಾನ್ ಬೇಡ ಅನ್ನಿಸಿದರೆ ಹೇಳಿ, ಎಂಆರ್‌ಐ ಮಾಡಿಸಬಹುದು. ಒಳಪರೀಕ್ಷೆ ನಡೆಯುವಾಗ ನೋವಾದರೆ "ನಿಲ್ಲಿಸಿ" ಅನ್ನುವ ಹಕ್ಕು ನಿಮಗಿದೆ, ನಿಲ್ಲಿಸಲೇಬೇಕು. ಆಳದ ಗಾಯ ಇದ್ದವರಿಗೆ ಮೂತ್ರಪಿಂಡದ ಸ್ಕ್ಯಾನೂ ಆಗಬೇಕು. ಮೂತ್ರನಾಳ ಸದ್ದಿಲ್ಲದೆ ಕಟ್ಟಿಕೊಂಡು ಮೂತ್ರಪಿಂಡ ಹಾಳಾಗುವುದುಂಟು.

ಸ್ಕ್ಯಾನ್ ನಾರ್ಮಲ್ ಬಂತು ಅಂದರೆ ಏನೂ ಇಲ್ಲ ಅಂತಲ್ಲ. ತೆಳುವಾಗಿ ಮೇಲ್ಮೈಯಲ್ಲಿ ಹರಡಿದ ಗಾಯ ಯಾವ ಸ್ಕ್ಯಾನಿನಲ್ಲೂ ಸರಿಯಾಗಿ ಕಾಣುವುದಿಲ್ಲ. ಸಿಎ-125 ರಕ್ತ ಪರೀಕ್ಷೆಯನ್ನು ನಂಬಿಕೊಂಡೂ ಕೂರಬೇಡಿ. ಅದು ಜಾಸ್ತಿ ಬಂದರೂ, ನಾರ್ಮಲ್ ಬಂದರೂ ಖಚಿತವಾಗಿ ಏನೂ ಹೇಳುವುದಿಲ್ಲ.

ಹೋಗುವಾಗ ಮೂರೇ ಪ್ರಶ್ನೆ ಬರೆದುಕೊಂಡು ಹೋಗಿ. ನನ್ನ ನೋವಿಗೆ ಯಾವ ಯಾವ ಕಾರಣ ಇರಬಹುದು? ಪೆಲ್ವಿಕ್ ಫ್ಲೋರ್ ಸ್ನಾಯುಗಳನ್ನು ಒತ್ತಿ ನೋಡಿದಿರಾ? ಈ ಚಿಕಿತ್ಸೆ ಕೆಲಸ ಮಾಡದಿದ್ದರೆ ಮುಂದೇನು?

ಹೆಜ್ಜೆ 6: ಔಷಧಿ

ನೋವಿನ ಮಾತ್ರೆಯಲ್ಲಿ ನಾವೆಲ್ಲ ಮಾಡುವ ತಪ್ಪು ತಡೆದುಕೊಂಡು ತಡೆದುಕೊಂಡು ಕೊನೆಗೆ ನುಂಗುವುದು. ಐಬುಪ್ರೊಫೆನ್, ನ್ಯಾಪ್ರೊಕ್ಸೆನ್, ಮೆಫೆನಾಮಿಕ್ ಆಸಿಡ್ ಈ ಗುಂಪಿನ ಮಾತ್ರೆಗಳು ಪ್ರೊಸ್ಟಗ್ಲಾಂಡಿನ್ ಅನ್ನುವ ನೋವಿನ ರಾಸಾಯನಿಕ ತಯಾರಾಗುವುದನ್ನೇ ತಡೆಯುತ್ತವೆ. ಅದು ತಯಾರಾಗಿ ಹರಡಿದ ಮೇಲೆ ತೆಗೆದುಕೊಂಡರೆ ಫಲ ಕಡಿಮೆ. ಮುಟ್ಟಿನ ಹಿಂದಿನ ದಿನವೋ ಮೊದಲ ಸೂಚನೆ ಬಂದ ಕೂಡಲೋ ಶುರು ಮಾಡಿ, ಒಂದೆರಡು ದಿನ ಡಾಕ್ಟರು ಹೇಳಿದ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕು. ಖಾಲಿ ಹೊಟ್ಟೆಗೆ ಬೇಡ. ಇದೇ ಗುಂಪಿನ ಎರಡು ಮಾತ್ರೆ ಒಟ್ಟಿಗೆ ಬೇಡ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಆಸ್ತಮಾ ಇರುವವರು, ರಕ್ತ ತೆಳುವಾಗುವ ಮಾತ್ರೆಯಲ್ಲಿರುವವರು, ಮಗುವಿಗಾಗಿ ಪ್ರಯತ್ನಿಸುತ್ತಿರುವವರು ಕೇಳದೆ ತೆಗೆದುಕೊಳ್ಳಬಾರದು. ಟ್ರಮಡಾಲ್‌ನಂಥ ಬಲವಾದ ಮಾತ್ರೆಗಳು ಆಪರೇಷನ್ ಆದ ಕೆಲವು ದಿನಕ್ಕೆ ಸರಿ. ತಿಂಗಳುಗಟ್ಟಲೆ ತೆಗೆದುಕೊಂಡರೆ ಮಲಬದ್ಧತೆ, ಅಭ್ಯಾಸವಾಗುವುದು, ಕೆಲವರಲ್ಲಿ ನೋವೇ ಜಾಸ್ತಿ ಆಗುವುದು.

ಹಾರ್ಮೋನ್ ಚಿಕಿತ್ಸೆಯ ವಿಷಯಕ್ಕೆ ಬಂದರೆ, ತುಂಬಾ ಜನರಿಗೆ ಆಪರೇಷನ್ ಮಾಡಿ ಸುಮ್ನೆ ಮನೆಗೆ ಕಳಿಸಿರುತ್ತಾರೆ. ಸದ್ಯಕ್ಕೆ ಮಗು ಬೇಡ ಅನ್ನುವವರು ಇದನ್ನು ಕೇಳಲೇಬೇಕು. ಯುರೋಪಿನ ಸಂತಾನ ವೈದ್ಯರ ಸಂಘವಾದ ಎಶ್ರೆ 2022ರಲ್ಲಿ ಹೊರತಂದ ಮಾರ್ಗಸೂಚಿ ಪ್ರಕಾರ, ಮುಟ್ಟಿನ ನೋವು ಮರಳದಂತೆ ತಡೆಯಲು ಆಪರೇಷನ್ ನಂತರ ಕನಿಷ್ಠ 18ರಿಂದ 24 ತಿಂಗಳು ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ ಅಥವಾ ಗರ್ಭನಿರೋಧಕ ಮಾತ್ರೆ ಕೊಡಬಹುದು. ಡೈನೋಜೆಸ್ಟ್ 2 ಮಿಲಿಗ್ರಾಂ ದಿನಕ್ಕೊಂದು, ನಾರೆಥಿಸ್ಟರೋನ್, ಈ ಹಾರ್ಮೋನ್ ಮಾತ್ರೆಗಳೂ ಇವೆ. ಅಡಿನೋಮಯೋಸಿಸ್ ಜೊತೆಗಿದ್ದರೆ ಹಾರ್ಮೋನ್ ಸಾಧನ ಎರಡಕ್ಕೂ ಆಗುತ್ತದೆ.

ಮೊದಲ ಕೆಲವು ತಿಂಗಳು ಹೊತ್ತಲ್ಲದ ಹೊತ್ತಿಗೆ ಚೂರು ಚೂರು ರಕ್ತ ಕಾಣಿಸುತ್ತದೆ. ಅಷ್ಟಕ್ಕೇ ಬಿಡಬೇಡಿ, ಮೂರು ತಿಂಗಳಾದರೂ ಕೊಡಿ. ಆದರೆ ಮನಸ್ಸು ಕುಗ್ಗಿ, ಬದುಕೇ ಬೇಡ ಅನ್ನಿಸತೊಡಗಿದರೆ ಅವತ್ತೇ ಡಾಕ್ಟರಿಗೆ ತಿಳಿಸಿ. ಕಣ್ಣು ಮುಂದೆ ಮಿಂಚು ಬಂದು ಶುರುವಾಗುವ ಮೈಗ್ರೇನ್ ಇದ್ದವರು, ಹಿಂದೆ ರಕ್ತ ಹೆಪ್ಪುಗಟ್ಟಿದ್ದವರು, 35 ದಾಟಿ ಸಿಗರೇಟು ಸೇದುವವರು ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳಬಾರದು. ಇವುಗಳಿಂದ ಆಗದಿದ್ದರೆ ಅಂಡಾಶಯವನ್ನೇ ತಾತ್ಕಾಲಿಕವಾಗಿ ಮಲಗಿಸುವ ಲ್ಯೂಪ್ರೊಲೈಡ್ ತರಹದ ಇಂಜೆಕ್ಷನ್‌ಗಳು, ಎಲಗೊಲಿಕ್ಸ್, ರೆಲುಗೊಲಿಕ್ಸ್ ಮಾತ್ರೆಗಳು ಇವೆ. ಮೈ ಬಿಸಿಯೇರಿ ಬೆವರುವುದು, ಮೂಳೆ ಸವೆಯುವುದು ಇವುಗಳ ತೊಂದರೆ. ಅದಕ್ಕೆ ಜೊತೆಯಲ್ಲಿ ಅಲ್ಪ ಪ್ರಮಾಣದ ಹಾರ್ಮೋನ್ ಕೊಡುತ್ತಾರಾ ಅಂತ ಕೇಳಿ.

ನರದ ನೋವು ಅಂತ ಗೊತ್ತಾದರೆ ರಾತ್ರಿ ಹೊತ್ತು ಅಮಿಟ್ರಿಪ್ಟಿಲಿನ್ ಸಣ್ಣ ಪ್ರಮಾಣದಲ್ಲಿ ಕೊಡುವುದುಂಟು. ಖಿನ್ನತೆಯ ಮಾತ್ರೆ ಕೊಟ್ಟರಲ್ಲ ಅಂತ ಬೇಜಾರಾಗಬೇಡಿ, ಸಣ್ಣ ಪ್ರಮಾಣದಲ್ಲಿ ಅದು ನರದ ನೋವಿಗೆ. ನರದ ನೋವಿಗೇ ಕೊಡುವ ಇನ್ನೊಂದು ಔಷಧಿ ಗಾಬಾಪೆಂಟಿನ್ ಬಗ್ಗೆ ಮಾತ್ರ ಕೇಳಿ ಮುಂದುವರಿಯಿರಿ. ಲ್ಯಾಪರೋಸ್ಕೋಪಿಯಲ್ಲಿ ಕಾರಣ ಸಿಗದ ಕಿಬ್ಬೊಟ್ಟೆ ನೋವಿನ ಮಹಿಳೆಯರ ಮೇಲೆ ಬ್ರಿಟನ್ನಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಔಷಧಿ ಇಲ್ಲದ ಖಾಲಿ ಮಾತ್ರೆಗಿಂತ ಜಾಸ್ತಿ ಉಪಯೋಗ ತೋರಿಸಲಿಲ್ಲ, ಅಡ್ಡಪರಿಣಾಮ ಮಾತ್ರ ಜಾಸ್ತಿ ಇತ್ತು.

ಹೆಜ್ಜೆ 7: ಸ್ನಾಯುಗಳಿಗೆ ಸಡಿಲ ಬಿಡುವುದನ್ನು ಕಲಿಸಿ

ಇಲ್ಲಿ ಒಂದು ಎಚ್ಚರಿಕೆ. "ಸೊಂಟದ ತಳಕ್ಕೆ ಕೀಗಲ್ ಮಾಡಿ" ಅಂತ ಎಲ್ಲರೂ ಹೇಳುತ್ತಾರೆ. ಕೀಗಲ್ ಅಂದರೆ ಬಿಗಿಯುವ ವ್ಯಾಯಾಮ. ಈಗಾಗಲೇ ಬಿಗಿದಿರುವ ಸ್ನಾಯುವನ್ನು ಇನ್ನೂ ಬಿಗಿದರೆ ನೋವು ಏರುತ್ತದೆ. ನಾನು ಎರಡು ವಾರ ಮಾಡಿ ಕೂರಲಾಗದ ಸ್ಥಿತಿಗೆ ಬಂದಿದ್ದೆ. ಪೆಲ್ವಿಕ್ ಫ್ಲೋರ್ ನೋಡುವ ಫಿಸಿಯೊಥೆರಪಿಸ್ಟ್ ಪರೀಕ್ಷೆ ಮಾಡಿ ಹೇಳುವವರೆಗೆ ಕೀಗಲ್ ಬೇಡ.

ಮನೆಯಲ್ಲೇ ಶುರು ಮಾಡಬಹುದಾದದ್ದು ಇದು. ನೆಲದ ಮೇಲೆ ಅಂಗಾತ ಮಲಗಿ, ಮೀನಖಂಡವನ್ನು ಕುರ್ಚಿಯ ಮೇಲಿಡಿ. ಒಂದು ಕೈ ಎದೆಯ ಮೇಲೆ, ಒಂದು ಕೈ ಹೊಕ್ಕುಳ ಕೆಳಗೆ. ಮೂಗಿನಿಂದ ನಿಧಾನವಾಗಿ ಉಸಿರು ತೆಗೆದುಕೊಳ್ಳಿ. ಕೆಳಗಿನ ಕೈ ಮೇಲೇಳಬೇಕು, ಎದೆಯ ಕೈ ಹೆಚ್ಚು ಅಲುಗಬಾರದು. ಉಸಿರು ಒಳಗೆ ಇಳಿದ ಹಾಗೆ ಎರಡು ಕೂರುವ ಮೂಳೆಗಳ ನಡುವೆ ಅಗಲವಾಗುತ್ತಿದೆ ಅಂತ ಗಮನವಿಟ್ಟು ನೋಡಿ. ಒತ್ತಡ ಹಾಕಬೇಡಿ, ತಿಣುಕಬೇಡಿ. ಉಸಿರು ಬಿಡುವಾಗ ಏನನ್ನೂ ಬಿಗಿಯಬೇಡಿ. ಐದು ನಿಮಿಷ, ದಿನಕ್ಕೆ ಎರಡು ಸಲ. ಮೊದಲ ವಾರ ಏನೂ ಗೊತ್ತಾಗುವುದಿಲ್ಲ. ನನಗೆ ಹತ್ತನೇ ದಿನವೋ ಏನೋ, ಮೂತ್ರಕ್ಕೆ ಕೂತ ಕೂಡಲೇ ಕಾಯದೆ ಆಯಿತು. ಆವತ್ತು ಕಣ್ಣಲ್ಲಿ ನೀರು ಬಂತು.

ಬಿಸಿನೀರಿನ ಬ್ಯಾಗ್ ಒಳ್ಳೆಯದೇ, ಆದರೆ ಬಟ್ಟೆ ಸುತ್ತಿ ಇಡಿ. ಗಂಟೆಗಟ್ಟಲೆ ನೇರವಾಗಿ ಇಟ್ಟು ಹೊಟ್ಟೆಯ ಚರ್ಮದ ಮೇಲೆ ಕಂದು ಬಲೆಯಂಥ ಗುರುತು ಬಿದ್ದವರಿದ್ದಾರೆ. ಚರ್ಮದ ಮೇಲಿಂದ ಸಣ್ಣಗೆ ವಿದ್ಯುತ್ ಮಿಡಿತ ಕೊಡುವ ಟೆನ್ಸ್ ಅನ್ನುವ ಯಂತ್ರ ಕೆಲವರಿಗೆ ಹಿತ ಕೊಡುತ್ತದೆ. ಗರ್ಭಿಣಿಯರು, ಪೇಸ್‌ಮೇಕರ್ ಇರುವವರು ಬಳಸಬಾರದು. ನಡಿಗೆ ಮಾಡಿ, ಆದರೆ ಒಳ್ಳೆಯ ದಿನ ಅಂತ ಎಲ್ಲಾ ಕೆಲಸ ಒಂದೇ ದಿನ ಮುಗಿಸಿ ಮೂರು ದಿನ ಮಲಗಬೇಡಿ. ಊಟದ ವಿಷಯದಲ್ಲಿ, ಈ ಕಾಯಿಲೆಯನ್ನು ವಾಸಿ ಮಾಡುವ ಪಥ್ಯ ಯಾವುದೂ ಇಲ್ಲ. ಹೊಟ್ಟೆ ಉಬ್ಬರ ಇರುವವರಿಗೆ ಕಡಿಮೆ ಫಾಡ್‌ಮ್ಯಾಪ್ ಆಹಾರ, ಅಂದರೆ ಹೊಟ್ಟೆಯಲ್ಲಿ ಗ್ಯಾಸ್ ಮಾಡುವ ಕೆಲವು ಸಕ್ಕರೆ ಅಂಶಗಳು ಕಡಿಮೆ ಇರುವ ಊಟ, ಸಹಾಯ ಮಾಡಬಹುದು. ಅದನ್ನೂ ಆಹಾರ ತಜ್ಞರ ಜೊತೆ ಕೆಲವು ವಾರ ಮಾತ್ರ ಮಾಡಿ.

ಹೆಜ್ಜೆ 8: ಮತ್ತೆ ಆಪರೇಷನ್ ಅಂದರೆ

ಆಪರೇಷನ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಸ್ಕ್ಯಾನಿನಲ್ಲಿ ಆಳದ ಗಾಯ ಕಂಡಿದೆ, ನೋವಿನ ಜಾಗಕ್ಕೂ ಅದಕ್ಕೂ ತಾಳೆ ಆಗುತ್ತದೆ, ಔಷಧಿಯಿಂದ ಆಗಿಲ್ಲ ಅಂದರೆ ಒಳ್ಳೆಯ ಕೈಯಲ್ಲಿ ಮಾಡಿಸಿಕೊಳ್ಳುವುದು ಸರಿ. ಮೂತ್ರನಾಳ, ಕರುಳು ಕಟ್ಟುತ್ತಿದ್ದರೆ ತಡ ಮಾಡಲೂಬಾರದು. ಆದರೆ "ಏನಿದೆ ಅಂತ ಒಮ್ಮೆ ತೆರೆದು ನೋಡೋಣ" ಅನ್ನುವ ಕಾರಣಕ್ಕೆ ಎರಡನೇ, ಮೂರನೇ ಆಪರೇಷನ್ ಬೇಡ.

ಅಂಡಾಶಯದ ಸಿಸ್ಟ್ ತೆಗೆದಾಗಲೆಲ್ಲ ಆರೋಗ್ಯವಾದ ಅಂಡಗಳೂ ಸ್ವಲ್ಪ ಹೋಗುತ್ತವೆ. ಮಗು ಬೇಕು ಅನ್ನುವ ಆಸೆ ಇದ್ದರೆ ಎರಡನೇ ಆಪರೇಷನ್ನಿಗೆ ಮೊದಲು ಎಷ್ಟು ಅಂಡಗಳು ಉಳಿದಿವೆ ಅಂತ ಅಂದಾಜು ಕೊಡುವ ಎಎಂಎಚ್ ರಕ್ತ ಪರೀಕ್ಷೆ ಮಾಡಿಸಿ, ಸಂತಾನ ತಜ್ಞರ ಜೊತೆ ಮಾತಾಡಿ. ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಆ ಪರೀಕ್ಷೆಯ ಅಂಕಿ ಸ್ವಲ್ಪ ಕಡಿಮೆ ತೋರಿಸಬಹುದು, ಹೇಳಿ ಮಾಡಿಸಿ. "ಒಂದು ಮಗು ಆದರೆ ಎಲ್ಲಾ ಸರಿಹೋಗುತ್ತೆ" ಅನ್ನುವ ಮಾತು ನಿಜವಲ್ಲ. ಬಸಿರಿನಲ್ಲಿ ಕೆಲವರಿಗೆ ನೋವು ಕಡಿಮೆ ಇರುತ್ತದೆ, ಆಮೇಲೆ ಮರಳಬಹುದು. ನೋವು ಹೋಗಲಿ ಅಂತ ಯಾರೂ ಮಗು ಹೆರಬೇಕಾಗಿಲ್ಲ.

ಗರ್ಭಕೋಶ ತೆಗೆಸುವ ಮಾತು ಬಂದರೆ ಇನ್ನೂ ನಿಧಾನಿಸಿ. ಅಡಿನೋಮಯೋಸಿಸ್ ಇದ್ದು, ಮಕ್ಕಳು ಸಾಕು ಅನ್ನುವವರಿಗೆ ಅದರಿಂದ ನಿಜಕ್ಕೂ ಹಾಯ್ ಅನ್ನಿಸಬಹುದು. ಆದರೆ ಎಂಡೊಮೆಟ್ರಿಯೋಸಿಸ್ ಇರುವುದೇ ಗರ್ಭಕೋಶದ ಹೊರಗೆ. ಆ ಗಾಯಗಳನ್ನು ಬಿಟ್ಟು ಗರ್ಭಕೋಶ ಮಾತ್ರ ತೆಗೆದರೆ ನೋವು ಉಳಿಯಬಹುದು. ಅಂಡಾಶಯಗಳನ್ನೂ ತೆಗೆದರೆ ಆವತ್ತೇ ಮುಟ್ಟು ನಿಂತ ವಯಸ್ಸಿಗೆ ಬಂದ ಹಾಗೆ. ಚಿಕ್ಕ ವಯಸ್ಸಿನಲ್ಲಿ ಅದು ಮೂಳೆಗೂ ಹೃದಯಕ್ಕೂ ಹೊರೆ. ಸಹಿಗೆ ಮೊದಲು ಕೇಳಿ: ಏನೇನು ತೆಗೆಯುತ್ತೀರಿ, ಏನು ಬಿಡುತ್ತೀರಿ, ಕರುಳಿನ ಮೇಲೆ ಗಾಯ ಸಿಕ್ಕರೆ ಕರುಳಿನ ಸರ್ಜನ್ ಇರುತ್ತಾರಾ, ಆಮೇಲೆ ಯಾವ ಹಾರ್ಮೋನ್ ಕೊಡುತ್ತೀರಿ?

ಹೆಜ್ಜೆ 9: ಮೂರು ತಿಂಗಳಿಗೊಮ್ಮೆ ಡೈರಿ ತೆರೆಯಿರಿ

ಯಾವ ಚಿಕಿತ್ಸೆ ಶುರು ಮಾಡಿದರೂ ಆ ತಾರೀಕು ಬರೆದಿಡಿ. ಒಂದೇ ವಾರದಲ್ಲಿ ಮೂರು ಹೊಸದನ್ನು ಶುರು ಮಾಡಿದರೆ ಯಾವುದರಿಂದ ಗುಣವಾಯಿತು ಅಂತ ಗೊತ್ತಾಗುವುದಿಲ್ಲ. ಮೂರು ತಿಂಗಳಿಗೆ ಕೂತು ಲೆಕ್ಕ ಹಾಕಿ. 10ರಲ್ಲಿ 0 ಬಂತಾ ಅಂತ ನೋಡಬೇಡಿ. ತಿಂಗಳಿಗೆ ಎಷ್ಟು ದಿನ ಹಾಸಿಗೆ ಹಿಡಿದಿರಿ, ಎಷ್ಟು ಮಾತ್ರೆ ನುಂಗಿದಿರಿ, ಎಷ್ಟು ಕೆಲಸ ತಪ್ಪಿತು, ಎಷ್ಟು ರಾತ್ರಿ ನಿದ್ದೆ ಬಂತು, ಇದನ್ನು ಎಣಿಸಿ.

ಮನೆಯವರಿಗೂ ಈ ಎಣಿಕೆ ತೋರಿಸಿ. "ಆಪರೇಷನ್ ಆಯ್ತಲ್ಲ, ಇನ್ನೂ ಯಾಕೆ ನೋವು?" ಅಂತ ಕೇಳುವವರಿಗೆ ಜಗಳಕ್ಕಿಂತ ಆ ಪುಟವೇ ಚೆನ್ನಾಗಿ ಉತ್ತರ ಕೊಡುತ್ತದೆ. ಏನು ಸಹಾಯ ಬೇಕು ಅಂತ ಬಿಡಿಸಿ ಹೇಳಿ: ಆ ಎರಡು ದಿನ ಅಡುಗೆ ನೀವು ನೋಡಿಕೊಳ್ಳಿ, ಡಾಕ್ಟರ ಹತ್ತಿರ ಜೊತೆಗೆ ಬಂದು ಅವರು ಹೇಳಿದ್ದನ್ನು ಬರೆದುಕೊಳ್ಳಿ, ಹೀಗೆ. ನನ್ನ ಎಣಿಕೆ ಮೊದಲ ಮೂರು ತಿಂಗಳು ಹಾಸಿಗೆ ಹಿಡಿದ ದಿನ 19 ಇತ್ತು. ಮುಂದಿನ ಮೂರು ತಿಂಗಳಿಗೆ 11. ಆಮೇಲಿನ ಮೂರು ತಿಂಗಳಿಗೆ 6. ಆ 6ರಲ್ಲಿ ಐದು ದಿನ ಮುಟ್ಟಿನವು. ಈಗ ಡಾಕ್ಟರ ಜೊತೆ ಆ ಐದು ದಿನಗಳ ಬಗ್ಗೆ ಮಾತು ನಡೆದಿದೆ.